ಮಣ್ಣಿನ ಕಾವಲು

ಒಂದು ಅಂಗುಲ ದಪ್ಪದ ಮೇಲ್ಮಣ್ಣು ರೂಪುಗೊಳ್ಳಲು ನಿಸರ್ಗಕ್ಕೆ ನೂರಾರು ವರ್ಷಗಳು ಬೇಕು. ಅದನ್ನು ಕಳೆದುಕೊಳ್ಳಲು ಮಾನವನಿಗೆ ಕೆಲವೇ ವರ್ಷಗಳು ಸಾಕು. ಈ ಸತ್ಯವನ್ನು ಅಮೆರಿಕದ ಸಂಯುಕ್ತ ಸಂಸ್ಥಾನವು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು.

ಆ ದೇಶದ ನಡುಭಾಗದಲ್ಲಿ ವಿಶಾಲವಾದ ಬಯಲುಗಳಿವೆ. ಅಲ್ಲಿನ ಮಣ್ಣನ್ನು ಹುಲ್ಲಿನ ಬೇರುಗಳು ಸಾವಿರಾರು ವರ್ಷಗಳಿಂದ ಹಿಡಿದಿಟ್ಟಿದ್ದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆಯ ಬೆಲೆ ಬಂದುದರಿಂದ ರೈತರು ಹುಲ್ಲುಗಾವಲನ್ನು ಉತ್ತು ಬಿತ್ತಿದರು. ೧೯೩೦ರ ದಶಕದಲ್ಲಿ ಬರಗಾಲ ತಲೆದೋರಿತು. ಪೈರು ಒಣಗಿತು, ಬೇರಿನ ಹಿಡಿತ ತಪ್ಪಿದ ಮಣ್ಣು ಗಾಳಿಯ ಪಾಲಾಯಿತು. ೧೯೩೫ರ ಏಪ್ರಿಲ್ ೧೪ರಂದು ಎದ್ದ ಧೂಳಿನ ಬಿರುಗಾಳಿಯು ಹಗಲನ್ನೇ ಇರುಳಾಗಿಸಿತು. ಆ ದಿನಕ್ಕೆ ‘ಕರಾಳ ಭಾನುವಾರ’ವೆಂಬ ಹೆಸರೇ ನಿಂತಿತು. ಸಾವಿರಾರು ಕುಟುಂಬಗಳು ಹೊಲಮನೆಗಳನ್ನು ತೊರೆದು ವಲಸೆ ಹೋದವು.

ಮಣ್ಣಿನ ಈ ನಾಶವನ್ನು ಬಹಳ ಮೊದಲೇ ಮನಗಂಡವನು ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ವಿಜ್ಞಾನಿ. ೧೯೦೫ರಲ್ಲಿ ವರ್ಜೀನಿಯ ರಾಜ್ಯದಲ್ಲಿ ಮಣ್ಣಿನ ಸಮೀಕ್ಷೆ ನಡೆಸುತ್ತಿದ್ದಾಗ ಅವನು ಅಕ್ಕಪಕ್ಕದ ಎರಡು ನೆಲಗಳನ್ನು ಹೋಲಿಸಿ ನೋಡಿದನು. ಕಾಡಿನ ನೆಲ ಮೆದುವಾಗಿ, ತೇವದಿಂದ ಕೂಡಿತ್ತು; ಬಹುಕಾಲ ಉತ್ತ ಹೊಲದ ನೆಲ ಗಟ್ಟಿಯಾಗಿತ್ತು. ಮೊದಲು ಎರಡೂ ಒಂದೇ ಬಗೆಯವು. ಆದರೆ ಪ್ರತಿಯೊಂದು ಮಳೆಯೂ ಹೊಲದ ಮೇಲ್ಮಣ್ಣನ್ನು ತೆಳುವಾದ ಪದರವಾಗಿ ತೊಳೆದೊಯ್ದಿತ್ತು. ಕೊರಕಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಪದರದ ಸವೆತ ಬೀಳುವುದಿಲ್ಲ. ಕಾಣದೆ ಬರುವ ಕಳ್ಳನೇ ಹೆಚ್ಚು ಅಪಾಯಕಾರಿ ಎಂಬುದನ್ನು ಬೆನೆಟ್ ಅರಿತನು.

ರೋಗ ತಿಳಿದ ಮೇಲೆ ಮದ್ದಿನ ಪರೀಕ್ಷೆ ನಡೆಯಬೇಕಷ್ಟೆ. ೧೯೩೩ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೂನ್ ಕಣಿವೆಯನ್ನು ಅದಕ್ಕಾಗಿ ಆರಿಸಲಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಮುಸುಕಿನ ಜೋಳವನ್ನೂ ಮೇವಿನ ಬೆಳೆಯನ್ನೂ ಒಂದರ ಪಕ್ಕದಲ್ಲೊಂದು ಪಟ್ಟೆಗಳಾಗಿ ಬೆಳೆಯಬೇಕು. ಕಡಿದಾದ ಗುಡ್ಡಗಳಲ್ಲಿ ದನಗಳನ್ನು ಬಿಡದೆ ಮರಗಳನ್ನು ಉಳಿಸಬೇಕು ಎಂದು ವಿಜ್ಞಾನಿಗಳು ಸೂಚಿಸಿದರು. ಆದರೆ ಒಬ್ಬನೇ ರೈತ ಇದನ್ನು ಪಾಲಿಸಿದರೆ ಫಲವೇನು? ಮಳೆಯ ನೀರು ಬೇಲಿಯ ಅಪ್ಪಣೆ ಕೇಳಿ ಹರಿಯುವುದಿಲ್ಲ. ಮೇಲಿನ ಹೊಲದವನ ಉದಾಸೀನ ಕೆಳಗಿನ ಹೊಲದವನ ಶ್ರಮವನ್ನು ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ನಾನೂರಕ್ಕೂ ಹೆಚ್ಚು ರೈತರು ಐದು ವರ್ಷಗಳ ಕರಾರಿಗೆ ಸಹಿ ಹಾಕಿದರು. ಸರ್ಕಾರವು ಬೀಜ, ಸುಣ್ಣ, ಸಸಿಗಳನ್ನೂ ಕೆಲಸಗಾರರನ್ನೂ ಒದಗಿಸಿತು. ನೇರ ಸಾಲುಗಳಿದ್ದ ಹೊಲಗಳಲ್ಲಿ ಗುಡ್ಡದ ಮೈಗೆ ಹೊಂದಿಕೊಂಡ ಬಾಗು ಸಾಲುಗಳು ಮೂಡಿದವು. ಕ್ರಮೇಣ ಮಣ್ಣಿನ ಸವೆತ ಬಹುಮಟ್ಟಿಗೆ ತಗ್ಗಿತು.

ಒಂದು ಕಣಿವೆಯಲ್ಲಿ ಸಾಧ್ಯವಾದುದು ದೇಶಕ್ಕೆಲ್ಲ ಹರಡಲು ಶಾಸನದ ಬಲ ಬೇಕಾಯಿತು. ಕರಾಳ ಭಾನುವಾರ ಕಳೆದು ಹದಿಮೂರೇ ದಿನಗಳಲ್ಲಿ, ೧೯೩೫ರ ಏಪ್ರಿಲ್ ೨೭ರಂದು, ಮಣ್ಣು ಸಂರಕ್ಷಣೆಯ ಶಾಸನ ಜಾರಿಗೆ ಬಂದಿತು. ಅದರಂತೆ ಸ್ಥಾಪಿತವಾದ ಸಂಸ್ಥೆಗೆ ಬೆನೆಟ್ ಮುಖ್ಯಸ್ಥನಾದನು. ೧೯೩೭ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ಗವರ್ನರುಗಳಿಗೂ ಒಂದು ಮಾದರಿ ಕಾನೂನನ್ನು ಕಳುಹಿಸಿದನು. ರೈತರು ತಾವೇ ಸೇರಿ ಮಣ್ಣು ಸಂರಕ್ಷಣಾ ಜಿಲ್ಲೆಗಳನ್ನು ರಚಿಸಿಕೊಳ್ಳಲು ಅದು ದಾರಿ ತೋರಿತು. ಅದೇ ವರ್ಷ ಮೊದಲನೆಯ ಜಿಲ್ಲೆಯು ಬೆನೆಟ್ ಹುಟ್ಟಿದ ಉತ್ತರ ಕೆರೊಲಿನ ರಾಜ್ಯದಲ್ಲಿ ಆರಂಭವಾಯಿತು. ಇಂದು ಆ ದೇಶದಲ್ಲಿ ಅಂತಹ ಸುಮಾರು ಮೂರು ಸಾವಿರ ಜಿಲ್ಲೆಗಳಿವೆ.

ನಮ್ಮ ನಾಡಿನ ರೈತನು ಇಳಿಜಾರಿಗೆ ಅಡ್ಡಲಾಗಿ ಹಾಕುವ ಬದುವಿನಲ್ಲಿಯೂ ಇದೇ ತತ್ತ್ವವಿದೆ. ಮೇಲಿನ ಹೊಲದ ಬದು ಒಡೆದರೆ ಕೆಳಗಿನ ಹೊಲದ ಬದುವೂ ನಿಲ್ಲದು. ವಿಜ್ಞಾನವು ದಾರಿ ತೋರಬಲ್ಲದು. ಕಾನೂನು ಆ ದಾರಿಯನ್ನು ತೆರೆದಿಡಬಲ್ಲದು. ಅದರಲ್ಲಿ ಒಟ್ಟಾಗಿ ನಡೆಯಬೇಕಾದವರು ಮಾತ್ರ ನೆರೆಹೊರೆಯ ರೈತರೇ.