ಸಹ್ಯಾದ್ರಿಯ ಕಣಿವೆಗಳೂ ಹೇರೆತ್ತಿನ ತಾಂಡಾಗಳೂ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ವಲಸೆಗಾರರು ಎತ್ತಿನ ಬಂಡಿಗಳಲ್ಲಿ ಮನೆಮಾರುಗಳನ್ನೇ ಹೇರಿಕೊಂಡು ರಾಕಿ ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆಂಬುದು ಪ್ರಸಿದ್ಧವಾದ ಸಂಗತಿ. ಅಲ್ಲಿನ ಸೌತ್ ಪಾಸ್ ಎಂಬ ಕಣಿವೆಯು ಏಳು ಸಾವಿರ ಅಡಿಗೂ ಮೇಲಿದ್ದರೂ ಅಗಲವಾಗಿಯೂ ಇಳಿಜಾರು ಮೃದುವಾಗಿಯೂ ಇದ್ದುದರಿಂದ ಬಂಡಿಗೆ ಎಡೆಯಿತ್ತು. ಸಹ್ಯಾದ್ರಿಯ ಸ್ವಭಾವವೇ ಬೇರೆ. ಪೂರ್ವಕ್ಕೆ ಅದು ಮೆಲ್ಲಗೆ ಇಳಿದು ಬಯಲಾಗುತ್ತದೆ. ಪಶ್ಚಿಮಕ್ಕೆ ಗೋಡೆಯಂತೆ ಕಡಿದು ನಿಲ್ಲುತ್ತದೆ. ಆದಕಾರಣ ಇಲ್ಲಿ ಬಹುಕಾಲ ಗಾಲಿಗಿಂತ ಎತ್ತಿನ ಬೆನ್ನೇ ಹೆಚ್ಚು ಉಪಯುಕ್ತವಾಗಿತ್ತು.

ಬೀದರ ನಗರಕ್ಕೂ ಈ ಘಟ್ಟಗಳಿಗೂ ಇರುವ ಸಂಬಂಧ ಹಳೆಯದು. ಬಹಮನಿ ಸುಲ್ತಾನರ ಕಾಲದಲ್ಲಿ ಕೊಂಕಣದ ಬಂದರುಗಳಲ್ಲಿ ಇಳಿದ ಕುದುರೆಗಳು ಘಟ್ಟವೇರಿ ಈ ರಾಜಧಾನಿಗೆ ಬರುತ್ತಿದ್ದವು. ರಷ್ಯದ ವರ್ತಕ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಚೌಲ್ ಬಂದರಿನಿಂದ ಒಂದು ಕುದುರೆಯೊಡನೆ ಹೊರಟು, ಬೆಟ್ಟದ ಬುಡದ ಪಾಲಿಯ ಮೂಲಕ ಜುನ್ನರಕ್ಕೆ ಏರಿದನು. ಮಳೆಗಾಲ ಅವನನ್ನು ಅಲ್ಲಿಯೇ ತಡೆಹಿಡಿಯಿತು. ತರುವಾಯ ಬೀದರಕ್ಕೆ ಬಂದು ಆ ಕುದುರೆಯನ್ನು ಮಾರಿದನು. ಜುನ್ನರದ ಬಳಿಯ ನಾಣೇಘಾಟದಲ್ಲಿ ಸಾತವಾಹನರ ಗುಹಾಶಾಸನವೂ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳೂ ಇಂದಿಗೂ ಇವೆ.

ಕುದುರೆಯು ಅರಮನೆಯ ಸರಕು. ಎಲ್ಲರಿಗೂ ಬೇಕಾದ ಉಪ್ಪು, ಕಾಳುಕಡಿಗಳನ್ನು ಸಾಗಿಸಿದವರು ಲಂಬಾಣಿಗಳು. ಈ ಹೆಸರು ‘ಲವಣ’ ಶಬ್ದದಿಂದ ಬಂದಿತೆಂದು ಕೆಲವು ವಿದ್ವಾಂಸರ ಮತ. ‘ಬಂಜಾರ’ಕ್ಕೆ ‘ವಾಣಿಜ್ಯ’ವನ್ನು ಮೂಲವಾಗಿ ಹೇಳುವವರೂ ಉಂಟು. ನಿಷ್ಪತ್ತಿ ಏನೇ ಇರಲಿ, ಕಸುಬಂತೂ ಸ್ಪಷ್ಟ. ಎತ್ತಿನ ಬೆನ್ನಿನ ಎರಡೂ ಪಕ್ಕಗಳಿಗೆ ಸಮತೂಕವಾಗಿ ಗೋಣಿಗಳನ್ನು ಇಳಿಬಿಟ್ಟು, ಕಡಿದಾದ ಏರಿನಲ್ಲಿ ಒಂದರ ಹಿಂದೊಂದರಂತೆ ನಡೆಸುತ್ತಿದ್ದರು. ಗಂಟೆ, ಕವಡೆಗಳಿಂದ ಸಿಂಗರಿಸಿದ ಎತ್ತೊಂದು ಮುಂದೆ ನಡೆಯುತ್ತಿತ್ತು. 1632ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಉತ್ತರ ಹಿಂದುಸ್ಥಾನದಲ್ಲಿ ಕಂಡ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವು. ನಡಿಗೆ ದಿನಕ್ಕೆ ಆರೇಳು ಮೈಲಿ ಮಾತ್ರ. ಈ ನಿಧಾನಗತಿಯೇ ಅವರ ವ್ಯಾಪಾರದ ಗುಟ್ಟು. ಎತ್ತುಗಳು ದಾರಿಯುದ್ದಕ್ಕೂ ಮೇಯುತ್ತ ಸಾಗಿದ್ದರಿಂದ ಮೇವಿಗೆ ಖರ್ಚಿರಲಿಲ್ಲ, ಸಾಗಾಣಿಕೆ ಅಗ್ಗವಾಗುತ್ತಿತ್ತು. ಕರಿಮಣ್ಣಿನ ನೆಲ ಕಾಲು ಹಿಡಿಯುವ ಮಳೆಗಾಲದಲ್ಲಿ ಒಂದೆಡೆ ಬೀಡುಬಿಡುತ್ತಿದ್ದರು. ಹೆಂಗಸರು, ಮಕ್ಕಳು, ಮುದುಕರೆಲ್ಲ ಜೊತೆಯಲ್ಲಿಯೇ. ಅಮೆರಿಕದವರು ಹೊಸ ನೆಲ ಸೇರಲು ಒಮ್ಮೆ ಬೆಟ್ಟ ದಾಟಿದರು. ಇವರು ವರ್ಷವರ್ಷವೂ ದಾಟುತ್ತಿದ್ದರು. ರಾಕಿ ಪರ್ವತವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಈ ಸಂಗತಿ ತಿಳಿಯದಿರುವುದು ಸೋಜಿಗವೇ ಸರಿ.

1830ರಲ್ಲಿ ಬೋರಘಾಟದಲ್ಲಿ ಗಾಡಿರಸ್ತೆ ತೆರೆಯಿತು. 1863ರಲ್ಲಿ ರೈಲು ಘಟ್ಟವೇರಿತು. ಹೇರೆತ್ತಿನ ಕಸುಬು ಕುಸಿಯಿತು. ಅಲೆಮಾರಿ ಬದುಕನ್ನೇ ಶಂಕಿಸಿದ ಬ್ರಿಟಿಷ್ ಸರಕಾರ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಕೆಲವು ಪ್ರಾಂತಗಳಲ್ಲಿ ಬಂಜಾರರೂ ಅದಕ್ಕೆ ಸಿಕ್ಕಿದರು. ಆ ಕಳಂಕ ಕಾನೂನಿನಿಂದ ಅಳಿದದ್ದು 1952ರಲ್ಲಿ.

ಔರಾದ, ಭಾಲ್ಕಿ ತಾಲೂಕುಗಳ ತಾಂಡಾಗಳಲ್ಲಿ ನೆಲೆನಿಂತವರು ಈ ಪರಂಪರೆಯವರೇ. ಅವರಲ್ಲಿ ಅನೇಕರು ಇಂದಿಗೂ ಕೂಲಿಗಾಗಿ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುತ್ತಾರೆ. ಮಕ್ಕಳೂ ಹಿಂದೆ ಹೊರಟಾಗ ಶಾಲೆಯ ಹಾಜರಿಪಟ್ಟಿಯಲ್ಲಿ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ. ಹೇರು ಹೊತ್ತು ಸಾಗುವ ಆ ಕಸುಬಿಗೆ ಅವರ ಮಾತಿನಲ್ಲಿ ‘ಲದೇಣಿ’ ಎಂದು ಹೆಸರು. ಆ ಮಾತಿಗೆ ಸ್ವಂತ ಲಿಪಿಯಿಲ್ಲ. ಹಿರಿಯರ ನೆನಪಿನಲ್ಲಿರುವುದನ್ನು ಕನ್ನಡ ಅಕ್ಷರಗಳಲ್ಲಿ ಬರೆದಿಡಬಲ್ಲವರು ಈ ಮಕ್ಕಳೇ.