ಧುರಂಧರರ ಚಿತ್ರಗಳು ಮತ್ತು ಶ್ರಾವಣದ ಕಥೆಗಳು

ಮಹಾದೇವ ವಿಶ್ವನಾಥ ಧುರಂಧರರ (1867–1944) ಪ್ರತಿಭೆಯನ್ನು ಅವರ ತೈಲವರ್ಣ ಚಿತ್ರಗಳಿಂದ ಅಳೆದು, ಪುಸ್ತಕಗಳಿಗೆ ಬರೆದ ಚಿತ್ರಗಳನ್ನು ಉಪವೃತ್ತಿಯೆಂದು ಬದಿಗಿರಿಸುವುದುಂಟು. ಜನಪದ ಕಥನದ ಅಭ್ಯಾಸಿಗೆ ಈ ವಿಂಗಡಣೆ ಸಮ್ಮತವಾಗಲಾರದು.

ಕೊಲ್ಲಾಪುರದಲ್ಲಿ ಜನಿಸಿದ ಧುರಂಧರರು 1890ರಲ್ಲಿ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅಜಂತೆಯ ಭಿತ್ತಿಚಿತ್ರಗಳ ಪ್ರತಿಗಳನ್ನು ಮಾಡಿಸಿದ ಜಾನ್ ಗ್ರಿಫಿತ್ಸ್ ಆಗ ಅಲ್ಲಿಯ ಪ್ರಾಚಾರ್ಯರು. ಎದುರಿಗೆ ಮಾದರಿಯನ್ನು ಕೂರಿಸಿಕೊಂಡು ನೆರಳು-ಬೆಳಕುಗಳನ್ನು ಸಾಧಿಸುವ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಶಿಕ್ಷಣಕ್ರಮವೇ ಅಲ್ಲಿಯದು. (ಮಗ ರಡ್ಯಾರ್ಡನ ‘ಜಂಗಲ್ ಬುಕ್’ಗೆ ಚಿತ್ರ ಬರೆದವರಲ್ಲಿ ಒಬ್ಬನಾದ ಲಾಕ್‌ವುಡ್ ಕಿಪ್ಲಿಂಗನೂ 1865ರಿಂದ 1875ರವರೆಗೆ ಇದೇ ಶಾಲೆಯಲ್ಲಿ ಬೋಧಿಸಿದ್ದನು.) ಧುರಂಧರರು 1896ರಲ್ಲಿ ಅಲ್ಲಿಯೇ ಅಧ್ಯಾಪಕರಾಗಿ, 1910ರಲ್ಲಿ ಮುಖ್ಯಾಧ್ಯಾಪಕರಾಗಿ, 1930ರಲ್ಲಿ ಪ್ರಭಾರ ನಿರ್ದೇಶಕರಾಗಿ, ಮರುವರ್ಷ ನಿವೃತ್ತರಾದರು.

1914ರಲ್ಲಿ ಲಂಡನ್ನಿನ ಮ್ಯಾಕ್‌ಮಿಲನ್ ಸಂಸ್ಥೆ ಸಿ.ಎ. ಕಿಂಕೇಡನ ‘ಡೆಕ್ಕನ್ ನರ್ಸರಿ ಟೇಲ್ಸ್’ ಎಂಬ ಕೃತಿಯನ್ನು ಪ್ರಕಟಿಸಿತು. ಚಿತ್ರಗಳು ಧುರಂಧರರವು. ಹೆಸರಿನಲ್ಲಿ ಶಿಶುಕಥೆಗಳೆಂದಿದ್ದರೂ ಒಳಗಿರುವ 20 ಕಥೆಗಳು ವ್ರತಕಥೆಗಳ ಜಾತಿಯವು. ಮೊದಲಿನವು ಭಾನುವಾರದಿಂದ ಶನಿವಾರದವರೆಗೆ ವಾರದ ಹೆಸರುಗಳನ್ನೇ ಹೊತ್ತಿವೆ. ಹೆಂಗಸರು ಪೂಜೆಯ ಮುಂದೆ ಕುಳಿತು ಕೇಳುವ ಕಥೆ ಇಂಗ್ಲಿಷ್ ಮಗುವಿನ ಕೋಣೆಗೆ ಹೋಯಿತು. ವ್ರತದ ಫಲಶ್ರುತಿಗೆ ಅಲ್ಲಿ ಅರ್ಥವಿಲ್ಲ. ಉಳಿಯುವುದು ಅದ್ಭುತ ಮಾತ್ರ.

ಶುಕ್ರವಾರದ ಕಥೆಯನ್ನು ನೋಡಬಹುದು. ಬಡ ತಂಗಿ ಸಿರಿವಂತ ಅಣ್ಣನ ಮನೆಯ ಊಟಕ್ಕೆ ಕರೆಯದೆ ಹೋಗಿ ಅವಮಾನಿತಳಾಗುತ್ತಾಳೆ. ಲಕ್ಷ್ಮಿಯ ಕೃಪೆಯಿಂದ ಸಂಪತ್ತು ಬಂದ ಮೇಲೆ ಅಣ್ಣನೇ ಕರೆಯುತ್ತಾನೆ. ಆಗ ಅವಳು ಒಡವೆಗಳನ್ನು ಕಳಚಿಟ್ಟು ಅವುಗಳಿಗೆ ಅನ್ನವಿಡುತ್ತಾಳೆ. ಕನ್ನಡನಾಡಿನ ಸಂಪತ್ ಶುಕ್ರವಾರದ ಕಥೆಯನ್ನು ಕೇಳಿದವರಿಗೆ ಈ ತಂಗಿ ಅಪರಿಚಿತಳಲ್ಲ. ಕಥೆಯ ತಿರುವೆಲ್ಲ ಉಡುಗೆ-ತೊಡುಗೆಯ ಮೇಲೆ ನಿಂತಿದೆ. ಹರಕು ಸೀರೆಗೂ ಜರಿಯ ಸೀರೆಗೂ ಇರುವ ಅಂತರವನ್ನು ಅರಿಯದ ಓದುಗನಿಗೆ ಅಣ್ಣನ ಪಾಪ ಎಷ್ಟು ದೊಡ್ಡದೆಂಬುದು ತಿಳಿಯದು. ಇಂಥ ಲೋಕಕ್ಕೆ ಧುರಂಧರರು ತಕ್ಕ ಚಿತ್ರಕಾರರು. ಕಚ್ಚೆಯ ಸೀರೆಯ ನಿರಿಗೆ, ಮೂಗಿನ ನತ್ತು, ಬಳೆಯ ಸಾಲು ಇವುಗಳಲ್ಲಿ ಅವರ ಕಣ್ಣು ತಪ್ಪುವುದು ವಿರಳ. 1920ರಲ್ಲಿ ಹೊರಬಂದ ಆಟೊ ರಾಥ್‌ಫೀಲ್ಡನ ‘ವಿಮೆನ್ ಆಫ್ ಇಂಡಿಯಾ’ ಕೃತಿಯ ಚಿತ್ರಗಳೂ ಇದಕ್ಕೆ ಸಾಕ್ಷಿ.

ಮಿತಿಯೂ ಇದೆ. ಅವರ ದೇವತೆಗಳು ಕೆಲವೊಮ್ಮೆ ರಂಗಭೂಮಿಯಿಂದ ಇಳಿದುಬಂದಂತೆ ತೋರುತ್ತಾರೆ. ದೈವಕ್ಕಿಂತ ಗೃಹಿಣಿಯೇ ಅವರಿಗೆ ಒಲಿದ ವಸ್ತು. ಆದರೆ ವ್ರತಕಥೆಯಲ್ಲಿ ದೇವತೆ ಬಂದುಹೋಗುವವಳು, ಮನೆಯಲ್ಲಿ ಇರುವವಳು ಗೃಹಿಣಿ. ಕಲಾಶಾಲೆಯ ಪರಕೀಯ ಶಿಸ್ತು ಇಲ್ಲಿ ಕಥೆಗೆ ತೊಡಕಾಗದೆ ಒದಗಿಬಂದುದು ಈ ಕಾರಣದಿಂದಲೇ.

ಶಾಲೆಯೊಡನಿದ್ದ 41 ವರ್ಷಗಳ ಒಡನಾಟವನ್ನು ಧುರಂಧರರು 1940ರಲ್ಲಿ ಮರಾಠಿಯಲ್ಲಿ ಆತ್ಮಕಥನವಾಗಿ ಬರೆದರು. ಅವರ ಮಗಳು ಅಂಬಿಕಾ ಸಹ ಜೆ.ಜೆ.ಯಲ್ಲಿ ಕಲಿತು ಚಿತ್ರಕಲೆಯನ್ನೇ ಹಿಡಿದರು.