ಅಗ್ಗದ ಮಾತ್ರೆ, ದುಬಾರಿ ಚೀಟಿ

ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಮೇಲೆ ನನಗೆ ತಾನಾಗಿ ಒಂದು ಕೆಲಸ ಗಂಟುಬಿತ್ತು: ನಮ್ಮ ಬೀದಿಯ ವಯಸ್ಸಾದವರ ಔಷಧಿ ಚೀಟಿ ಓದುವುದು. ಶುರುವಾದದ್ದು ನಮ್ಮ ಮನೆಯಲ್ಲೇ. ಅತ್ತೆಗೆ ಎಂಬತ್ತು ದಾಟಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್ ಎಲ್ಲವೂ ಇವೆ. ಯಜಮಾನರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಪಿಂಚಣಿ ಬಂದ ವಾರ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ, ದಿನಸಿ ಅಂಗಡಿಯ ಸರದಿ ಆಮೇಲೆ. ತುಮಕೂರು ಜಿಲ್ಲೆಯ ತಾಲ್ಲೂಕು ಪಟ್ಟಣ ನಮ್ಮದು. ಇಲ್ಲಿ ಕೊಬ್ಬರಿ ಬೆಲೆ ಎಲ್ಲರಿಗೂ ಬಾಯಿಪಾಠ, ಮಾತ್ರೆಯ ಬೆಲೆ ಮಾತ್ರ ಯಾರೂ ಕೇಳುವುದಿಲ್ಲ. ಬಿಲ್ಲಿನಲ್ಲಿ ಎಷ್ಟಿದೆಯೋ ಅಷ್ಟು ಕೊಟ್ಟು ಬರುತ್ತಾರೆ.

ಹಿರಿಯರ ಔಷಧಿ ಖರ್ಚು ಇಳಿಸಲು ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಗೆ ಅದರ ಮೊದಲ ಲಾಭ ಸಿಕ್ಕಿದ್ದೇ ಸ್ಟೆಂಟಿನಲ್ಲಿ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260 ರೂಪಾಯಿ ಎಂದು ಗರಿಷ್ಠ ಬೆಲೆ ಕಟ್ಟಿತು. ಯಜಮಾನರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದು ಅದೇ ವರ್ಷದ ಬೇಸಿಗೆಯಲ್ಲಿ. ಅದಕ್ಕೆ ಮುಂಚೆ ಹಾಕಿಸಿಕೊಂಡಿದ್ದ ನಮ್ಮ ನೆಂಟರೊಬ್ಬರು ಸ್ಟೆಂಟ್ ಒಂದಕ್ಕೇ ಲಕ್ಷದ ಮೇಲೆ ಕೊಟ್ಟಿದ್ದರು. ಆದರೆ ಸ್ಟೆಂಟ್ ಒಮ್ಮೆ ಹಾಕಿದರೆ ಮುಗಿಯಿತು. ಅದರ ಹಿಂದೆ ಬರುವ ರಕ್ತ ತೆಳುವಾಗಿಸುವ ಮಾತ್ರೆ, ಕೊಬ್ಬಿನ ಮಾತ್ರೆಗಳು ಬದುಕಿರುವ ತನಕ. ವಯಸ್ಸಾದವರ ಲೆಕ್ಕ ಇರುವುದು ಆ ತಿಂಗಳ ಬಿಲ್ಲಿನಲ್ಲಿ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎಪ್ಪತ್ತು ದಾಟಿದ ಎಲ್ಲರಿಗೂ ಘೋಷಿಸಿದ ಐದು ಲಕ್ಷ ರೂಪಾಯಿಯ ಆಯುಷ್ಮಾನ್ ರಕ್ಷಣೆ ಕೂಡ ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿ ಕೂತು ದಿನಾ ನುಂಗುವ ಮಾತ್ರೆಗೆ ಅದು ಬರುವುದಿಲ್ಲ.

ಮಾತ್ರೆಗಳ ಮೇಲೂ ಒಂದು ಹಿಡಿತ ಇದೆ. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ ಎಂದೊಂದಿದೆ. 2022ರ ಪಟ್ಟಿಯಲ್ಲಿ 384 ಔಷಧಿಗಳಿವೆ. ಅದರಲ್ಲಿ ಇರುವುದಕ್ಕೆ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ಅದನ್ನು ಲೆಕ್ಕ ಹಾಕುವ ಬಗೆ ತಿಳಿದಾಗ ನನಗೆ ಸ್ವಲ್ಪ ನಗು ಬಂತು. ಮಾರುಕಟ್ಟೆಯಲ್ಲಿ ಶೇ 1ಕ್ಕಿಂತ ಕಡಿಮೆಯಿಲ್ಲದಷ್ಟು ಪಾಲಿರುವ ಎಲ್ಲ ಕಂಪನಿಗಳ ಬೆಲೆ ಕೂಡಿಸಿ ಸರಾಸರಿ ತೆಗೆದು, ಅದಕ್ಕೆ ಅಂಗಡಿಯವರ ಲಾಭ ಶೇ 16 ಸೇರಿಸುತ್ತಾರೆ. ಮಾತ್ರೆ ತಯಾರಿಸಲು ಎಷ್ಟು ಖರ್ಚಾಯಿತು ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಎಲ್ಲರೂ ಕೂಡಿ ದುಬಾರಿಗೆ ಮಾರುತ್ತಿದ್ದರೆ ಸರಾಸರಿಯೂ ದುಬಾರಿಯೇ. 1995ರ ಹಳೆಯ ಆದೇಶದಲ್ಲಿ ತಯಾರಿಕಾ ವೆಚ್ಚ ನೋಡುತ್ತಿದ್ದರು, ಆದರೆ ಅದರ ಹಿಡಿತ ಇದ್ದದ್ದು 74 ಮೂಲ ಔಷಧಿಗಳ ಮೇಲೆ ಮಾತ್ರ. ಜೊತೆಗೆ, ಪಟ್ಟಿಯಲ್ಲಿರುವ ಔಷಧಿಗಳ ಬೆಲೆ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಬಹುದು. 2023ರಲ್ಲಿ ಹಾಗೆ ಶೇ 12ಕ್ಕೂ ಹೆಚ್ಚು ಏರಿಸಲು ಅವಕಾಶವಾಯಿತು. ಪಟ್ಟಿಯ ಹೊರಗಿನವಕ್ಕೆ ವರ್ಷಕ್ಕೆ ಶೇ 10ರವರೆಗೆ ಏರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದೇ ಇದೆ. ಪಿಂಚಣಿ ಹಾಗೆ ಏರುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಆ ಸಮಯದಲ್ಲಿ ಅಂಗಡಿಗಳಲ್ಲಿದ್ದ ಹಳೇ ಶೀಟುಗಳ ಮೇಲೆ ಹಳೇ ಬೆಲೆಯೇ ಅಚ್ಚಾಗಿತ್ತು. ಕೇಳಿದವರಿಗೆ ಕಡಿತ ಸಿಕ್ಕಿತು. ಕೇಳದೆ ಬಂದವರೂ ನಮ್ಮ ಬೀದಿಯಲ್ಲಿ ಇದ್ದರು.

ಹೆಚ್ಚು ಹೇಳಬೇಕಾದದ್ದು ಜನೌಷಧಿ ಕೇಂದ್ರದ ವಿಷಯ. 2008ರಲ್ಲಿ ಅಮೃತಸರದಲ್ಲಿ ಮೊದಲ ಅಂಗಡಿ ತೆರೆದ ಈ ಯೋಜನೆ ಹಲವು ವರ್ಷ ಕುಂಟುತ್ತಿತ್ತು. 2016ರಲ್ಲಿ ಹೆಸರು ಬದಲಾಗಿ ಪ್ರಧಾನ ಮಂತ್ರಿ ಭಾರತೀಯ ಜನೌಷಧಿ ಪರಿಯೋಜನೆ ಆಯಿತು. 2025ರ ಜನವರಿ ಹೊತ್ತಿಗೆ ದೇಶದಲ್ಲಿ 15,000 ಕೇಂದ್ರಗಳಾದವು. ನಮ್ಮೂರಲ್ಲೂ ಬಸ್ ನಿಲ್ದಾಣದ ಹತ್ತಿರ ಒಂದು ಬಂತು. ಅತ್ತೆಗೆ ಡಾಕ್ಟರು ಸಿಟಾಗ್ಲಿಪ್ಟಿನ್ ಶುಗರ್ ಮಾತ್ರೆ ಬರೆದಿದ್ದರು. ಅದರ ಪೇಟೆಂಟ್ ನಮ್ಮಲ್ಲಿ 2022ರ ಜುಲೈನಲ್ಲಿ ಮುಗಿಯಿತು. ಸೆಪ್ಟೆಂಬರಿನಲ್ಲಿ ಜನೌಷಧಿಯವರು 50 ಮಿಲಿಗ್ರಾಂನ ಹತ್ತು ಮಾತ್ರೆಗೆ 60 ರೂಪಾಯಿ ಎಂದು ಮಾರಾಟಕ್ಕೆ ಇಟ್ಟರು. ಬೇರೆ ಅಂಗಡಿಯಲ್ಲಿ ಅದಕ್ಕೆ ಇದರ ಮೂರು ನಾಲ್ಕು ಪಟ್ಟು ಕೊಟ್ಟಿದ್ದ ನಾನು ಶೀಟು ತಿರುಗಿಸಿ ಬೆಲೆಯನ್ನು ಎರಡು ಸಲ ಓದಿದೆ.

ಅತ್ತೆ ಮಾತ್ರ ಒಪ್ಪಲಿಲ್ಲ. "ಇಷ್ಟ್ ಕಮ್ಮಿ ರೇಟಿನ ಮಾತ್ರೇಲಿ ಸತ್ವ ಇರುತ್ತೇನಮ್ಮಾ? ನಿನ್ನ ಮಾವ ದುಡಿದಿಟ್ಟಿದ್ದು ಇನ್ಯಾತಕ್ಕೆ, ಒಳ್ಳೇದೇ ತಗೊಂಡು ಬಾ" ಎಂದರು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ಸುದ್ದಿ ಬಂದು, ಸರ್ಕಾರಿ ಆಸ್ಪತ್ರೆಗೆ ಪೂರೈಕೆಯಾಗಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಯ ಗುಣಮಟ್ಟದ ಮೇಲೆ ಅನುಮಾನ ಎದ್ದಾಗ ಊರಿಗೆ ಊರೇ ಅದನ್ನೇ ಮಾತಾಡಿತು. ಅಗ್ಗದ ಔಷಧಿಯ ಮೇಲೆ ಜನರಿಗೆ ನಂಬಿಕೆ ಬರಬೇಕಾದರೆ ಬೆಲೆಯ ಬೋರ್ಡು ಸಾಲದು, ಪರೀಕ್ಷೆಯ ಫಲಿತಾಂಶ ಕಣ್ಣಿಗೆ ಕಾಣಬೇಕು. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ ಎನ್ನುತ್ತದೆ ಸರ್ಕಾರ. ಆ ಫಲಿತಾಂಶವನ್ನು ಕೇಂದ್ರದ ಗೋಡೆಗೆ ಅಂಟಿಸಿದ್ದರೆ ಅತ್ತೆಯ ಜೊತೆ ನನ್ನ ವಾದ ಅರ್ಧ ಕಡಿಮೆಯಾಗುತ್ತಿತ್ತು. ಕೊನೆಗೆ ನಾವು ಮಾಡಿಕೊಂಡ ಒಪ್ಪಂದ ಸರಳ: ಮಾತ್ರೆ ಬದಲಾಯಿಸಿ ಎರಡು ವಾರ ಮನೆಯಲ್ಲೇ ಶುಗರ್ ನೋಡುವುದು, ಏರಿದರೆ ಹಳೆಯದಕ್ಕೆ ವಾಪಸ್. ಏರಲಿಲ್ಲ. ಅಲ್ಲಿಂದ ಮುಂದೆ "ನನ್ನ ಅರವತ್ತು ರೂಪಾಯಿ ಮಾತ್ರೆ" ಎಂದು ಬಂದವರಿಗೆಲ್ಲ ತೋರಿಸುವುದು ಅವರೇ.

ಇನ್ನೊಂದು ತೊಂದರೆ ಸ್ಟಾಕಿನದು. ಹೋದ ದಿನ ಐದರಲ್ಲಿ ಮೂರು ಮಾತ್ರೆ ಸಿಗುತ್ತವೆ, ಉಳಿದವಕ್ಕೆ "ಮುಂದಿನ ವಾರ ಬನ್ನಿ ಮೇಡಂ" ಎನ್ನುತ್ತಾನೆ ಅಂಗಡಿ ಇಟ್ಟ ಹುಡುಗ. ಫಾರ್ಮಸಿ ಓದಿದವನು, ಸ್ವಂತ ದುಡ್ಡು ಹಾಕಿ ನಡೆಸುತ್ತಿದ್ದಾನೆ. ಅವನಿಗೆ ಸಿಗುವುದು ಶೇ 20 ಲಾಭ. ಬೇರೆ ಮೆಡಿಕಲ್ ಶಾಪಿನವರ ಲಾಭವೂ ಶೇಕಡಾವಾರು ಲೆಕ್ಕವೇ, ಆದರೆ ಇನ್ನೂರರ ಶೀಟಿನ ಶೇಕಡಾ ಬೇರೆ, ಅರವತ್ತರದ್ದು ಬೇರೆ. ಇಡೀ ವ್ಯವಸ್ಥೆಯಲ್ಲಿ ಮಾತ್ರೆ ದುಬಾರಿಯಾದಷ್ಟೂ ಮಾರುವವರಿಗೆ ಲಾಭ ಹೆಚ್ಚು. ಇದು ಯಾವ ಅಂಗಡಿಯವರ ಕೆಟ್ಟತನವೂ ಅಲ್ಲ, ಲಾಭವನ್ನು ಶೇಕಡಾದಲ್ಲಿ ಕಟ್ಟಿದ ಮೇಲೆ ಹಾಗಾಗಲೇಬೇಕು.

ಹಾಗಿದ್ದರೆ ಚೀಟಿಯಲ್ಲಿ ದುಬಾರಿ ಕಂಪನಿಯ ಹೆಸರಿದ್ದಾಗ ಅಂಗಡಿಯವರೇ ಅಗ್ಗದ್ದನ್ನು ಕೊಟ್ಟುಬಿಡಬಹುದಲ್ಲ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಕಾನೂನು ಬಿಡುವುದಿಲ್ಲ. ಔಷಧ ನಿಯಮಗಳ 65ನೇ ನಿಯಮದಲ್ಲಿ ಸ್ಪಷ್ಟವಾಗಿದೆ: ಚೀಟಿಯ ಮೇಲೆಯೇ ಮಾರಬೇಕಾದ ಔಷಧಿಗೆ ಬದಲಾಗಿ, ಒಳಗಿರುವುದು ಅದೇ ಆದರೂ, ಬೇರೊಂದನ್ನು ಕೊಡುವಂತಿಲ್ಲ. ವಾಸ್ತವದಲ್ಲಿ "ಕಂಟೆಂಟ್ ಒಂದೇ, ಕಂಪನಿ ಬೇರೆ" ಎಂದು ಕೌಂಟರಿನಲ್ಲಿ ದಿನವೂ ಕೊಡುತ್ತಾರೆ. ಆದರೆ ಹಾಗೆ ಕೊಟ್ಟಿದ್ದು ಅಗ್ಗದ್ದೇ ಆಗಿರಬೇಕೆಂದಿಲ್ಲ, ಅಂಗಡಿಯಲ್ಲಿ ಉಳಿದುಹೋದದ್ದೂ ಆಗಿರಬಹುದು.

ಅಂದರೆ ಎಲ್ಲವೂ ನಿಂತಿರುವುದು ಡಾಕ್ಟರ ಕೈಬರಹದ ಒಂದು ಸಾಲಿನ ಮೇಲೆ. ವೈದ್ಯರು ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತಿನ ನಿಯಮ 2016ರಲ್ಲೇ ಹೇಳಿದೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ತಂದಿತು. ವೈದ್ಯರ ಸಂಘಟನೆಗಳು ವಿರೋಧಿಸಿದವು. ಅದೇ ತಿಂಗಳು ಮುಗಿಯುವುದರೊಳಗೆ ಅದನ್ನು ತಡೆಹಿಡಿದರು. ಸರ್ಕಾರ ಒಂದು ಕೈಯಲ್ಲಿ ಸಾವಿರಾರು ಅಂಗಡಿ ತೆರೆಯುತ್ತದೆ, ಆ ಅಂಗಡಿಗೆ ಜನರನ್ನು ಕಳಿಸಬೇಕಾದ ಚೀಟಿಯ ವಿಷಯದಲ್ಲಿ ಮಾತ್ರ ಹಿಂದೆ ಸರಿಯುತ್ತದೆ.

ನಮ್ಮ ಡಾಕ್ಟರ ಹತ್ತಿರ ಈ ಮಾತು ತೆಗೆದೆ. ಅವರು ನೇರ ಮನುಷ್ಯ. "ಮೇಡಂ, ನಾನು ಬರೀ ಔಷಧಿ ಹೆಸರು ಬರೆದರೆ ಕಂಪನಿ ಆರಿಸೋದು ಅಂಗಡಿಯವನು. ಅವನು ತನಗೆ ಲಾಭ ಇರೋದು ಕೊಡ್ತಾನೆ. ಬಿಪಿ ಕಂಟ್ರೋಲಿಗೆ ಬರಲಿಲ್ಲ ಅಂದ್ರೆ ನೀವು ಕೇಳೋದು ನನ್ನನ್ನ ತಾನೇ?" ಎಂದರು. ಇದರಲ್ಲೂ ಸತ್ಯವಿದೆ. ಎಲ್ಲ ಕಂಪನಿಗಳ ಗುಣಮಟ್ಟವೂ ಒಂದೇ ಎಂದು ಸರ್ಕಾರ ಖಾತ್ರಿ ಕೊಡುವ ತನಕ ವೈದ್ಯರ ಈ ಅನುಮಾನವನ್ನು ಬರೀ ಕಮಿಷನ್ ಆಸೆ ಎಂದು ಬಿಡಲಾಗದು. ಔಷಧಿ ಕಂಪನಿಗಳ ಉಡುಗೊರೆಯ ವ್ಯವಹಾರ ಇಲ್ಲವೆಂದೂ ನಾನು ಹೇಳಲಾರೆ. ನಮ್ಮ ಡಾಕ್ಟರು ಮಾತ್ರ ಅಂದಿನಿಂದ ಕಂಪನಿಯ ಹೆಸರಿನ ಕೆಳಗೆ ಮೂಲ ಹೆಸರನ್ನೂ ಬರೆದು "ಜನೌಷಧಿಯೂ ಆಗಬಹುದು" ಎಂದು ಸೇರಿಸುತ್ತಾರೆ. ಅತ್ತೆಯ ತಿಂಗಳ ಬಿಲ್ಲು ಮೂರರಲ್ಲೊಂದಕ್ಕೆ ಇಳಿದದ್ದು ಆ ಎರಡು ಪದಗಳಿಂದ.

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಊರಿನ ದಂಪತಿ ಹೊರಡುವಾಗ ಚಟ್ನಿಪುಡಿಯ ಜೊತೆ ಆರು ತಿಂಗಳ ಮಾತ್ರೆಯನ್ನೂ ಚೀಟಿ ಸಮೇತ ತುಂಬಿಕೊಳ್ಳುತ್ತಾರೆ. ಅತ್ತೆ ನುಂಗುವ ಅದೇ ಸಿಟಾಗ್ಲಿಪ್ಟಿನ್‌ಗೆ ಅಲ್ಲಿ ಒಂದು ತಿಂಗಳಿಗೆ ಕಂಪನಿ ಹೇಳುತ್ತಿದ್ದ ಬೆಲೆ 527 ಡಾಲರ್. ಅಲ್ಲಿ 2022ರಲ್ಲಿ ಕಾನೂನು ಮಾಡಿ, ಹಿರಿಯರ ವಿಮೆಯಾದ ಮೆಡಿಕೇರ್ ಪರವಾಗಿ ಸರ್ಕಾರವೇ ಕಂಪನಿಗಳ ಜೊತೆ ಕೂತು ಚೌಕಾಸಿ ಮಾಡಿ, 2026ರ ಜನವರಿಯಿಂದ ಅದನ್ನು 113 ಡಾಲರಿಗೆ ಇಳಿಸಿದೆ. ಹತ್ತು ಮಾತ್ರೆಗೆ ಅರವತ್ತು ರೂಪಾಯಿ ಕೊಡುವ ನಮಗೆ ಆ ಬೆಲೆಯೂ ದುಬಾರಿಯೇ. ಆದರೆ ಅಲ್ಲಿ ಆ ಕಡಿತಕ್ಕಾಗಿ ಅಜ್ಜಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕಿಲ್ಲ, ಮೊದಲೇ ಕಡಿತವಾಗಿರುತ್ತದೆ. ನಮ್ಮಲ್ಲಿ ಔಷಧಿ ಅಗ್ಗ, ಅದನ್ನು ಹುಡುಕುವ ಕೆಲಸ ರೋಗಿಯದು. 1970ರ ಪೇಟೆಂಟ್ ಕಾನೂನು ಔಷಧಿ ಪದಾರ್ಥಕ್ಕೆ ಆಗ ಪೇಟೆಂಟ್ ಕೊಡದೆ ನಮ್ಮ ಕಂಪನಿಗಳನ್ನು ಬೆಳೆಸಿದ್ದರಿಂದಲೇ ಇಷ್ಟು ಅಗ್ಗವಾಗಿ ತಯಾರಿಸುವ ಶಕ್ತಿ ಬಂತು ಎಂಬುದನ್ನೂ ನೆನಪಿಡಬೇಕು. ಆ ಶಕ್ತಿ ನಮ್ಮ ಬೀದಿಯ ಅಜ್ಜಿಯ ಮಾತ್ರೆ ಡಬ್ಬಿಯ ತನಕ ಬರುವುದಿಲ್ಲ ಎಂಬುದೇ ನನ್ನ ತಕರಾರು.

ದುಡ್ಡೇ ಇಲ್ಲದವರಿಗೆ ಸರ್ಕಾರಿ ಆಸ್ಪತ್ರೆ ಇದೆ. ಬಿಪಿ, ಶುಗರ್‌ನ ಸಾಮಾನ್ಯ ಮಾತ್ರೆಗಳು ಅಲ್ಲಿ ಉಚಿತ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ ಉದ್ದೇಶವಿದೆ. ನಡೆಯಲಾರದ ಮುದುಕರಿಗೆ ಇದಕ್ಕಿಂತ ಒಳ್ಳೆಯದಿಲ್ಲ. 2025ರ ಮೇನಲ್ಲಿ ರಾಜ್ಯ ಸರ್ಕಾರ, ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವಾಗ ಅದೇ ಆವರಣದಲ್ಲಿ ಮಾರುವ ಅಂಗಡಿ ಯಾಕೆ ಎಂದು ಅಲ್ಲಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಕೇಂದ್ರ ನಡೆಸುವವರು ಹೈಕೋರ್ಟಿಗೆ ಹೋದರು, ಜುಲೈನಲ್ಲಿ ಧಾರವಾಡ ಪೀಠ ತಡೆ ಕೊಟ್ಟಿತು. ತತ್ವದಲ್ಲಿ ರಾಜ್ಯದ ಮಾತು ಸರಿ. ಆದರೆ ಉಚಿತ ಮಾತ್ರೆ ಮುಗಿದ ದಿನ "ಹೊರಗಡೆ ತಗೊಳ್ಳಿ" ಎಂದು ಚೀಟಿ ಹಿಡಿದು ಹೊರಬರುವ ಮುದುಕನಿಗೆ ಹೊಸಿಲ ಪಕ್ಕದಲ್ಲೇ ಅಗ್ಗದ ಅಂಗಡಿ ಇದ್ದರೆ ಯಾರಿಗೆ ನಷ್ಟ? ಎರಡು ಸರ್ಕಾರಗಳ ಜಗಳದಲ್ಲಿ ಆತನನ್ನು ಮಧ್ಯೆ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ.

ಚೀಟಿ ತರುವವರಿಗೆ ನಾನು ಹೇಳುವುದು ಇಷ್ಟು. ಶೀಟಿನ ಹಿಂದೆ ಔಷಧಿಯ ಮೂಲ ಹೆಸರು ಕಂಪನಿಯ ಹೆಸರಿಗಿಂತ ದೊಡ್ಡಕ್ಷರದಲ್ಲಿ ಇರಬೇಕೆಂದು ನಿಯಮವಿದೆ, ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೆಸರಿನ ಜೊತೆ ಮಿಲಿಗ್ರಾಂ ನೋಡಿ, ಪಕ್ಕದಲ್ಲಿ ಎಸ್‌ಆರ್ ಅಥವಾ ಇಆರ್ ಅಂತ ಇದ್ದರೆ ಅದನ್ನೂ ನೋಡಿ. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಬದಲು ಸಾದಾ ಮೆಟ್‌ಫಾರ್ಮಿನ್ ತಂದರೆ ಹೊಟ್ಟೆ ಕೆಡಬಹುದು. ಎರಡು ಮೂರು ಔಷಧಿ ಸೇರಿಸಿದ ಮಾತ್ರೆ ಜನೌಷಧಿಯಲ್ಲಿ ಇಲ್ಲದಿದ್ದರೆ, ಬಿಡಿಬಿಡಿಯಾಗಿ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಥೈರಾಯ್ಡ್ ಮಾತ್ರೆ, ಮೂರ್ಛೆ ರೋಗದ ಮಾತ್ರೆ, ಹೃದಯದ ಕವಾಟದ ತೊಂದರೆ ಇರುವವರು ತೆಗೆದುಕೊಳ್ಳುವ ವಾರ್ಫರಿನ್, ಇವುಗಳ ಕಂಪನಿಯನ್ನು ಡಾಕ್ಟರಿಗೆ ಹೇಳದೆ ಬದಲಿಸಲೇಬೇಡಿ. ಅಲ್ಲಿ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅತ್ತೆಯ ಥೈರಾಯ್ಡ್ ಮಾತ್ರೆಯನ್ನು ನಾನು ಇವತ್ತಿಗೂ ಮುಟ್ಟಿಲ್ಲ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಮತ್ತು ಬೆಲೆ ಸಿಗುತ್ತವೆ. ಆದರೆ ಆ್ಯಪ್ ನೋಡಲು ಮನೆಯಲ್ಲಿ ಮೊಮ್ಮಗುವೋ ಸೊಸೆಯೋ ಇರಬೇಕು. ಮಕ್ಕಳು ದೂರ ಇದ್ದು ಇಬ್ಬರೇ ಮುದುಕರು ಉಳಿದ ಮನೆಗಳೇ ನಮ್ಮ ಬೀದಿಯಲ್ಲಿ ಹೆಚ್ಚು.

ಆದ್ದರಿಂದ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ನನ್ನ ಕೋರಿಕೆ ಇಷ್ಟೇ. ತಡೆಹಿಡಿದ ನಿಯಮವನ್ನು ವೈದ್ಯರ ಜೊತೆ ಮಾತಾಡಿಯೇ ಮತ್ತೆ ತನ್ನಿ. ಬಿಪಿ, ಶುಗರ್, ಕೊಲೆಸ್ಟ್ರಾಲ್‌ನಂಥ ದಿನನಿತ್ಯದ ಮಾತ್ರೆಗಳಿಗಾದರೂ ಮೂಲ ಹೆಸರು ಕಡ್ಡಾಯ ಮಾಡಿ, ಅರ್ಹ ಫಾರ್ಮಸಿಸ್ಟ್ ರೋಗಿಯ ಒಪ್ಪಿಗೆ ಪಡೆದು ಅಗ್ಗದ್ದನ್ನು ಕೊಡಲು ಕಾನೂನಿನಲ್ಲಿ ಜಾಗ ಮಾಡಿಕೊಡಿ, ಪರೀಕ್ಷಾ ಫಲಿತಾಂಶಗಳನ್ನು ಕನ್ನಡದಲ್ಲಿ ಅಂಗಡಿಯ ಮುಂದೆ ಹಾಕಿ. ಅಲ್ಲಿಯ ತನಕ, ಓದುಗರೇ, ಮುಂದಿನ ಸಲ ಮನೆಯ ಹಿರಿಯರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ಚೀಟಿ ಕೈಗೆ ಬಂದ ಮೇಲೆ ಎದ್ದುಬಿಡಬೇಡಿ. "ಇದರ ಮೂಲ ಹೆಸರನ್ನೂ ಬರೆದುಕೊಡಿ ಡಾಕ್ಟ್ರೇ" ಎಂದು ಕೇಳಿ.